ಗಲ್ಲಾಕ್ಕೆ ಹನ್ನೊಂದು ರೂಪಾಯಿ

ಚೆನ್ನಯನ ಆ ದಿನದ ಪಡಿಪಾಟಲಿಗೆಲ್ಲ ಕಾರಣ ಒಂದು ಫೋನ್ ಕರೆ. ಸರಿಯಾಗಿ ಹೇಳಬೇಕೆಂದರೆ, ಆ ಕರೆಯನ್ನು ಅವನು ಸ್ಪೀಕರಿಗೆ ಹಾಕಿದ್ದು. ಮುಖಕ್ಕೆಲ್ಲ ಸೋಪು ಬಳಿದುಕೊಂಡು ಗಡ್ಡ ಹೆರೆಯುತ್ತಿದ್ದವನು ಇನ್ನೇನು ಮಾಡಬೇಕು? ಫೋನನ್ನು ಕಿಟಕಿಯ ಅಂಚಿನಲ್ಲಿಟ್ಟು ಗುಂಡಿ ಒತ್ತಿದ. ಸಯನ್ನಿನ ಆ ಹಳೆಯ ಬಿಲ್ಡಿಂಗಿನಲ್ಲಿ ಒಂದು ಮನೆಯವರು ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಸೀನುತ್ತಾರೆ. ಅಂಥ ಗೋಡೆಯನ್ನು ದಾಟುವುದಕ್ಕೆ ಸ್ಪೀಕರಿನ ಮಾತಿಗೆ ಎಷ್ಟು ಹೊತ್ತು ಬೇಕು?

"ಚೆನ್ನಯಣ್ಣನಾ? ನಾನು ರೋಶನ್, ಪಾರ್ಲೆಯಿಂದ. ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರ್ಲಿಕ್ಕೆ ಒಂದು ಜನ ಬೇಕಿತ್ತು. ಬಾಳೆಎಲೆಯ ಕೊರಗಣ್ಣ ನಿಮ್ಮ ನಂಬರ್ ಕೊಟ್ರು. ಇವತ್ತೇ ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ. ಬರುವಾಗ ಆಧಾರ್ ಹಿಡ್ಕೊಳ್ಳಿ. ಮತ್ತೆ, ಯಾರಿಗೂ ಹೇಳ್ಬೇಡಿ ಮಾರಾಯ್ರೆ. ಗೊತ್ತಾದ್ರೆ ಮಾಟುಂಗದ ಅರ್ಧ ಜನ ಬಂದು ನನ್ನ ಬಾಗಿಲಲ್ಲಿ ನಿಲ್ತಾರೆ."

ಕರೆ ಮುಗಿಯಿತು. ಚೆನ್ನಯನ ಕಣ್ಣಿಗೆ ನೀರು ಬಂತು. ಸೋಪಿನಿಂದಲ್ಲ.

ಮಾಟುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಕರಿಗೂದಲಿನಿಂದ ಬಿಳಿಗೂದಲಿನವರೆಗೆ ಕೂತವನು ಅವನು. ಕಟ್ಟಡವನ್ನು ಕೆಡವಿ ಹೊಸತು ಕಟ್ಟುತ್ತೇವೆ ಎಂದರು. ಹೋಟೆಲಿಗೆ ಬೀಗ ಬಿತ್ತು, ಧಣಿಗಳು ಊರಿಗೆ ಹೋದರು, ಚೆನ್ನಯ ಮನೆಗೆ ಬಂದ. ಮೊದಲ ವಾರ ರಜೆಯಂತಿತ್ತು. ಈಗ ತಿಂಗಳುಗಳೇ ಕಳೆದು, ಹೆಂಡತಿ ಶೀಲಾವತಿ ಸೀರೆಗೆ ಫಾಲ್ ಹೊಲಿಯುವ ಮಿಷನ್ನಿನ ಸದ್ದು ಕೇಳಿದಾಗಲೆಲ್ಲ ಅವನಿಗೆ ತಟ್ಟೆಯ ಮುಂದೆ ಕೂರಲು ನಾಚಿಕೆಯಾಗುತ್ತಿತ್ತು. ಆ ನಾಚಿಕೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ಶೀಲಾವತಿಗೆ ಗೊತ್ತಿತ್ತು.

"ದೇವರು ಕಣ್ಣು ಬಿಟ್ಟ ನೋಡಿ," ಎಂದಳು ಅವಳು ಅಡುಗೆಮನೆಯಿಂದ ಓಡಿಬಂದು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಅಷ್ಟರಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ಪಕ್ಕದ ಮನೆಯ ದಾನಪ್ಪ ವಿಜಯಪುರದ ಕಡೆಯವನು. ಒಂದು ಬ್ಯಾಂಕಿನ ಬಾಗಿಲಲ್ಲಿ ಸೆಕ್ಯೂರಿಟಿಯಾಗಿ ನಿಂತು ನಿವೃತ್ತನಾದವನು. ಅಷ್ಟು ವರ್ಷ ಬ್ಯಾಂಕಿನ ಬಾಗಿಲು ತೆಗೆದು ಹಾಕಿದ್ದರಿಂದ ಹಣಕಾಸಿನ ವಿಷಯದಲ್ಲಿ ತನಗೆ ತಿಳಿಯದ್ದು ಇಲ್ಲವೆಂಬುದು ಅವನ ನಂಬಿಕೆ. ಇತ್ತೀಚೆಗೆ ಮಾಟುಂಗದ ಕನ್ನಡ ಸಂಘದಲ್ಲಿ ಕೆಲಸದ ಹೆಸರಿನಲ್ಲಿ ನಡೆಯುವ ಮೋಸಗಳ ಬಗ್ಗೆ ಒಬ್ಬ ಅಧಿಕಾರಿ ಬಂದು ಭಾಷಣ ಮಾಡಿದ್ದರು. ಮುಂದಿನ ಸಾಲಿನಲ್ಲಿ ಕೂತು ಕೇಳಿದ ದಾನಪ್ಪ, ಅಂದಿನಿಂದ ಆ ಅಧಿಕಾರಿಗಿಂತ ದೊಡ್ಡ ಅಧಿಕಾರಿಯಾಗಿದ್ದ.

"ಚೆನ್ನಯಣ್ಣಾರ, ನೀವು ಆ ಹೋಟೆಲಿಗೆ ಅರ್ಜಿ ಹಾಕಿದ್ರೇನು?"

"ಇಲ್ಲ."

"ಅರ್ಜಿ ಹಾಕಲಾರದ ನೌಕರಿ ಮನಿಗೆ ಬಂತು. ಒಂದು. ಇವತ್ತ ಬರ್ರಿ ಅಂದ, ವಿಚಾರ ಮಾಡಾಕ ಟೈಮ್ ಕೊಡಲಿಲ್ಲ. ಎರಡು. ಹೋಟೆಲಿನ ಹೆಸರು ಹೇಳಲಿಲ್ಲ. ಮೂರು. ಆಧಾರ್ ತರ್ರಿ ಅಂದ. ನಾಕು. ಯಾರಿಗೂ ಹೇಳಬ್ಯಾಡ್ರಿ ಅಂದ. ಐದು! ಇನ್ನೇನ್ರೀ ಬೇಕು? ಕಳ್ಳ ತನ್ನ ಜಾತಕ ತಾನ ಓದಿ ಹೇಳ್ಯಾನ!"

"ಅಯ್ಯೋ, ನಮ್ಮ ಹೋಟೆಲಿನವರದ್ದು ಇದೇ ಕ್ರಮ ಅಣ್ಣಾ," ಎಂದಳು ಶೀಲಾವತಿ. "ನಮ್ಮಲ್ಲಿ ಅರ್ಜಿಯೂ ಇಲ್ಲ, ಇಂಟರ್‌ವ್ಯೂ ಕೂಡ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುದು, ಇವ್ರು ಹೋಗಿ ಕೂರುದು, ಅಷ್ಟೇ."

"ಆ ಕೊರಗಣ್ಣಗ ಫೋನ್ ಹಚ್ಚಿ ಕೇಳ್ರಿ ಮತ್ತ."

ಹಚ್ಚಿದರು. ಬಾಳೆಎಲೆಯ ಕಟ್ಟು ಹೊತ್ತು ಯಾವ ಲೋಕಲ್ಲಿನ ಯಾವ ಡಬ್ಬಿಯಲ್ಲಿ ತೂಗಾಡುತ್ತಿದ್ದನೋ, ಕೊರಗಣ್ಣ ಎತ್ತಲಿಲ್ಲ. ಆರನೆಯದು ಎಂಬಂತೆ ದಾನಪ್ಪ ಇನ್ನೊಂದು ಬೆರಳು ಮಡಿಸಿದ.

ಚೆನ್ನಯ ತಿರುಗಿ ಮಾತಾಡುವಂತಿರಲಿಲ್ಲ. ಹೋದ ತಿಂಗಳು ಅವನಿಗೊಂದು ಕಾಗದ ಬಂದಿತ್ತು. ಹಡಗಿನ ಮೇಲೆ ಕ್ಯಾಷಿಯರ್ ಕೆಲಸವಂತೆ. ಅದಕ್ಕೆ ಸೀಲಿತ್ತು, ಸಹಿಯಿತ್ತು, ಇಂಗ್ಲಿಷಿತ್ತು, ವಿಡಿಯೋದಲ್ಲಿ ಟೈ ಕಟ್ಟಿದವನ ಇಂಟರ್‌ವ್ಯೂ ಕೂಡ ಆಗಿತ್ತು. ವೈದ್ಯಕೀಯ ತಪಾಸಣೆಯ ಶುಲ್ಕವೊಂದನ್ನು ಕಳಿಸಿದರೆ ಸಾಕಿತ್ತು. ಕಳಿಸಲು ಹೆಬ್ಬೆರಳು ಎತ್ತಿದ್ದಾಗ ದಾನಪ್ಪ ಫೋನನ್ನು ಕಸಿದುಕೊಂಡಿದ್ದ. ಮರುದಿನವೇ ಆ ಕಂಪನಿ ಮಾಯವಾಗಿತ್ತು. ಇನ್ನು ಮುಂದೆ ಕೆಲಸದ ವಿಷಯದಲ್ಲಿ ದಾನಪ್ಪನ ಮಾತು ಮೀರುವುದಿಲ್ಲ ಎಂದು ಚೆನ್ನಯ ಮಗಳು ಶ್ರಾವ್ಯಾಳ ತಲೆ ಮುಟ್ಟಿ ಆಣೆ ಮಾಡಿದ್ದ. ಗಲ್ಲಾದಲ್ಲಿ ಕೂತು ಮುಖ ನೋಡಿದರೆ ಮನುಷ್ಯನನ್ನು ಅಳೆಯುತ್ತೇನೆ ಎಂಬ ಹೆಮ್ಮೆ ಅವನಿಗಿತ್ತು. ಆ ಟೈ ಕಟ್ಟಿದವನು ದುಡ್ಡು ಕದಿಯದಿದ್ದರೂ ಆ ಹೆಮ್ಮೆಯನ್ನು ಕದ್ದುಕೊಂಡು ಹೋಗಿದ್ದ.

ದಾನಪ್ಪನ ಅಬ್ಬರಕ್ಕೂ ಒಂದು ಕಾರಣವಿತ್ತು, ಅದನ್ನು ತಿಳಿದವರು ಯಾರೂ ಅವನನ್ನು ನೋಡಿ ಪೂರ್ತಿ ನಗುತ್ತಿರಲಿಲ್ಲ. ಅವನ ಮಗ ಶರಣಬಸಪ್ಪನಿಗೆ ಏರ್‌ಪೋರ್ಟಿನಲ್ಲಿ ನೌಕರಿ ಕೊಡಿಸುತ್ತೇವೆಂದು ಯಾರೋ ಬಂದು ಸಮವಸ್ತ್ರದ ಅಳತೆ ತೆಗೆದುಕೊಂಡಿದ್ದರು. ಬೂಟಿನ ನಂಬರು ಕೇಳಿದ್ದರು. ದುಡ್ಡು ತೆಗೆದುಕೊಂಡಿದ್ದರು. ಹೇಳಿದ ದಿನ ಹುಡುಗ ಹೊಸ ಬೂಟು ಹಾಕಿಕೊಂಡು ಏರ್‌ಪೋರ್ಟಿನ ಗೇಟಿನ ಮುಂದೆ ಸಂಜೆಯವರೆಗೆ ನಿಂತು ಬಂದ. ಈಗ ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತಾನೆ. ಯಾರ ಮುಖವನ್ನೂ ನೇರ ನೋಡುವುದಿಲ್ಲ.

"ಹೋಗೂದು ಖರೇ," ಎಂದು ದಾನಪ್ಪ ತೀರ್ಪು ಕೊಟ್ಟ. "ಆದ್ರ ನಾನೂ ಬರ್ತೀನಿ. ಒಬ್ಬರ ಹೋಗಬಾರದು, ಸಂಘದಾಗ ಸಾಹೇಬರು ಹೇಳ್ಯಾರ. ಕೈಯಾಗ ರೊಕ್ಕ ಇರಬಾರದು. ಫೋನಿನಾಗಿನ ಪೇಮೆಂಟ್ ಆ್ಯಪ್ ಈಗ, ನನ್ನ ಎದುರಿಗೆ ತೆಗೀರಿ. ನೌಕರಿ ಕೊಡೂ ಮೊದಲ ಒಂದು ರೂಪಾಯಿ ಕೇಳಿದ್ರೂ ಅಂವ ಕಳ್ಳ. ಕೆಲಸದ ಹೆಸರಿನಾಗ ರೊಕ್ಕ ಕೊಟ್ಟಾವಗ ಎಂದೂ ಕೆಲಸ ಸಿಗೂದಿಲ್ಲ. ಇದನ್ನ ಗೋಡಿ ಮ್ಯಾಲ ಬರೆದಿಟ್ಕೋರಿ."

ಆ್ಯಪ್ ತೆಗೆಯಲು ಶ್ರಾವ್ಯಾಳನ್ನು ಎಬ್ಬಿಸಬೇಕಾಯಿತು. "ಪಪ್ಪಾ, ಲೊಕೇಶನ್ ಶೇರ್ ಕರ್ಕೆ ಹೋಗಿ ಹಾಂ. ಅಂಕಲ್ ಹೇಳಿದ್ದು ಏಕ್‌ದಮ್ ಸರಿ ಉಂಟು," ಎಂದು ಅವಳು ಆಕಳಿಸುತ್ತಲೇ ಆ್ಯಪ್ ಅಳಿಸಿ ಮತ್ತೆ ಮಲಗಿದಳು.

ದಾನಪ್ಪ ಬಟ್ಟೆ ಹಾಕಿಕೊಳ್ಳಲು ಹೋದಾಗ ಶೀಲಾವತಿ ದೇವರ ಮುಂದಿನಿಂದ ಒಂದು ಪುಟ್ಟ ಪೊಟ್ಟಣ ತಂದು ಗಂಡನ ಒಳಜೇಬಿಗೆ ಹಾಕಿದಳು. ಅದರಲ್ಲಿ ಹನ್ನೊಂದು ರೂಪಾಯಿ ಇತ್ತು, ಕುಂಕುಮ ಹಚ್ಚಿದ ನೋಟು ಮತ್ತು ನಾಣ್ಯ. ಅವರ ಹೋಟೆಲುಗಳಲ್ಲಿ ಹೊಸದಾಗಿ ಗಲ್ಲಾಕ್ಕೆ ಕೂರುವವನು ಮೊದಲು ತನ್ನ ಕೈಯಿಂದ ಹನ್ನೊಂದು ರೂಪಾಯಿ ಹಾಕಿ, ಕೈಮುಗಿದು, ಆಮೇಲೆ ಗಿರಾಕಿಯ ದುಡ್ಡು ಮುಟ್ಟಬೇಕು. ಮದುವೆಯಾದ ಹೊಸತರಲ್ಲಿ ಅವನು ಹಾಗೆ ಹಾಕಿ ಬಂದ ಕತೆಯನ್ನು ಅವಳು ಎಷ್ಟೋ ಸಲ ಕೇಳಿದ್ದಳು.

"ಕೇಳಿದಾಗ ಹುಡುಕುವ ಹಾಗೆ ಆಗ್ಬಾರ್ದು," ಎಂದಳು. "ದಾನಪ್ಪಣ್ಣನಿಗೆ ಹೇಳ್ಬೇಡಿ."

ಕೆಳಗಿಳಿದರೆ ದಾನಪ್ಪನ ಹೆಂಡತಿ ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಅವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಕಟ್ಟಡ ಕೆಲಸಕ್ಕೆ ಬಂದ ಊರಿನ ಕಡೆಯ ಮಂದಿಗೆ ಮಾರುವವಳು. ಹಸಿದವನನ್ನು ಹಾಗೇ ಕಳಿಸುವವಳಲ್ಲ, ಉಂಡವನನ್ನು ಪುಕ್ಕಟೆ ಬಿಡುವವಳೂ ಅಲ್ಲ.

"ನೀ ಎಲ್ಲಿಗೆ?" ಎಂದ ದಾನಪ್ಪ.

"ಕಳ್ಳನ ಮುಖ ನೋಡಾಕ. ನನ್ನ ಮಗನ ಅಳತಿ ತಗೊಂಡವನ ಮುಖ ನೋಡಾಕ ಆಗಲಿಲ್ಲ. ಇವನದರ ನೋಡ್ತೀನಿ."

ದಾನಪ್ಪ ಅವಳ ಕೈಯಿಂದ ಪರ್ಸನ್ನೂ ಇಸಿದುಕೊಂಡು ಮನೆಯಲ್ಲಿಟ್ಟು ಬಂದ. ಸ್ಟೇಷನ್ನಿನಲ್ಲಿ ಎಣಿಸಿ ತಂದ ಚಿಲ್ಲರೆಯಿಂದ ಮೂವರಿಗೂ ಹೋಗಿಬರುವ ಟಿಕೆಟ್ ತೆಗೆಸಿ, ಖಾಲಿ ಜೇಬುಗಳನ್ನು ಹೊರಕ್ಕೆಳೆದು ತೋರಿಸಿದ. "ಈಗ ಬರಲಿ ಕಳ್ಳ!" ಎಂದ. ಕುಂಬಳಕಾಯಿ ಕಳ್ಳನಂತೆ ಚೆನ್ನಯ ತನ್ನ ಒಳಜೇಬನ್ನು ಮುಟ್ಟಿ ನೋಡಿಕೊಂಡ.

ದಾದರಿನಲ್ಲಿ ಗಾಡಿ ಬದಲಾಯಿಸಿ ಪಾರ್ಲೆಯಲ್ಲಿಳಿದರು. ಹೋಟೆಲು ಸ್ಟೇಷನ್ನಿನಿಂದ ಕೂಗಳತೆ ದೂರ. ಒಳಗೆ ಊಟದ ಹೊತ್ತಿನ ಗದ್ದಲ, ಹೊರಗೆ ಏಣಿ, ಬಣ್ಣದ ಡಬ್ಬಿ. ಬಾಗಿಲ ಮೇಲೆ ಬೋರ್ಡೇ ಇರಲಿಲ್ಲ.

"ಬೋರ್ಡ್ ಇಲ್ಲ!" ಎಂದ ದಾನಪ್ಪ. ಅವನ ದನಿಯಲ್ಲಿ ಸಂತೋಷವಿತ್ತು.

"ಬಣ್ಣ ಹೊಡೀಲಿಕ್ಕೆ ಇಳಿಸಿದ್ದು," ಎನ್ನುತ್ತ ರೋಶನ್ ಎದುರು ಬಂದ. ನಲವತ್ತರ ಆಸುಪಾಸಿನ, ತೋಳು ಮಡಚಿದ ಅಂಗಿಯ ಮನುಷ್ಯ. ಒಬ್ಬನನ್ನು ಕರೆದರೆ ಮೂವರು ಬಂದದ್ದು ನೋಡಿ ಒಂದು ಕ್ಷಣ ತಡವರಿಸಿ, ಮೂವರಿಗೂ ಕಾಫಿ ತರಿಸಿದ. ದಾನಪ್ಪ ಲೋಟವನ್ನು ಮೂಸಿ ಪಕ್ಕಕ್ಕಿಟ್ಟ. ಮತ್ತು ಬರಿಸುವ ಪುಡಿಯ ವಿಚಾರ ಸಾಹೇಬರು ಹೇಳಿರಲಿಲ್ಲ, ಅದು ಅವನದೇ ಸೇರ್ಪಡೆ. ಗುರುಬಾಯಿ ತನ್ನದನ್ನು ಕುಡಿದು, ಅವನದನ್ನೂ ಕುಡಿದಳು.

"ಆಧಾರ್ ತಂದಿದ್ದೀರಾ ಚೆನ್ನಯಣ್ಣ?"

"ಝೆರಾಕ್ಸ್ ಅಷ್ಟ ಸಿಗ್ತದ," ಎಂದ ದಾನಪ್ಪ, "ಅದೂ ಮ್ಯಾಲ ಗೆರಿ ಹೊಡದು!"

ರೋಶನ್ ಚೆನ್ನಯನ ಮುಖ ನೋಡಿದ. ಚೆನ್ನಯ ಮೇಜಿನ ಕಲೆ ನೋಡಿದ. ನಾನು ಹೀಗಲ್ಲ ಸ್ವಾಮಿ, ನಾನು ಸಾವಿರಾರು ಜನರಿಗೆ ನಂಬಿ ಚಿಲ್ಲರೆ ಕೊಟ್ಟವನು ಎಂದು ಹೇಳಬೇಕೆನಿಸಿತು.

"ಆಯ್ತು, ಅದೆಲ್ಲ ಮತ್ತೆ ನೋಡುವ," ಎಂದು ರೋಶನ್ ಎದ್ದ. "ಹಿಂದೆ ಗ್ಯಾಸಿನವ ಬಂದಿದ್ದಾನೆ. ಚೆನ್ನಯಣ್ಣ, ಸ್ವಲ್ಪ ಗಲ್ಲಾ ನೋಡ್ಕೊಳ್ಳಿ. ಈಗ ಬಂದೆ."

ಅಷ್ಟು ಹೇಳಿ ಅವನು ಗಲ್ಲಾದ ಡ್ರಾಯರನ್ನು ತೆರೆದಿಟ್ಟೇ ಅಡುಗೆಮನೆಯ ಕಡೆ ಹೋದ.

ಚೆನ್ನಯನಿಗೆ ತಕ್ಷಣ ಗೊತ್ತಾಯಿತು. ಇದೇ ಪರೀಕ್ಷೆ. ಅವನ ಹಳೆಯ ಧಣಿಗಳೂ ಹೀಗೇ, ದೇವಸ್ಥಾನಕ್ಕೆ ಹೋಗಿಬರುತ್ತೇನೆಂದು ಗಲ್ಲಾವನ್ನು ಬಿಟ್ಟುಹೋಗಿ ಅಡುಗೆಮನೆಯ ಕಿಂಡಿಯಿಂದ ನೋಡುತ್ತಾ ನಿಂತಿದ್ದರು. ಹೊಸಬ ತಾನಾಗಿ ಕೂತನೇ, ಗಿರಾಕಿಯನ್ನು ಕಾಯಿಸಿದನೇ, ಕೈ ಎತ್ತ ಹೋಯಿತು, ಕಣ್ಣು ಎತ್ತ ಹೋಯಿತು, ಅಷ್ಟನ್ನೇ ನೋಡುವುದು. ಅವನ ಕಾಲು ತಾನಾಗಿ ಗಲ್ಲಾದ ಕಡೆ ಹೊರಟಿತು.

ದಾನಪ್ಪ ಹಿಂದಿನಿಂದ ಅಂಗಿ ಹಿಡಿದೆಳೆದ.

"ಎಲ್ಲಿಗಿ ಹೊಂಟ್ರಿ? ತಲಿ ಐತಿಲ್ಲೋ? ಗುರುತಿಲ್ಲದ ಮನಷ್ಯಾನ ಮುಂದ ಪೆಟಗಿ ತೆಗದಿಟ್ಟು ಯಾರರ ಹೋಗ್ತಾರೇನು? ನೀವು ಕುಂದ್ರೂದಷ್ಟ ತಡ, ಬಂದು ರೊಕ್ಕ ಕಡಿಮಿ ಐತಿ ಅಂತಾನ. ಪೊಲೀಸ್ ಅಂತಾನ. ಆಮ್ಯಾಲ ಇಲ್ಲೇ ಸೆಟ್ಲ್‌ಮೆಂಟ್ ಮಾಡೂಣು ಅಂತಾನ."

"ಇಲ್ಲ ದಾನಪ್ಪಣ್ಣ, ಇದು ನಮ್ಮ ಹೋಟೆಲಿನವರ…"

"ಹಡಗಿನಾಂವ ಬಂದಾಗೂ ನಿಮಗ ಹಿಂಗ ಖಾತ್ರಿ ಇತ್ತಲ್ರೀ. ಮಗಳ ತಲಿ ಮುಟ್ಟೀರಿ, ನೆನಪೈತಿಲ್ಲೊ? ಕೈ ಹಿಂದ ಕಟ್ಕೋರಿ. ಬೆರಳಿನ ಗುರುತ ಸೈತ ಬೀಳಬಾರದು."

ಚೆನ್ನಯ ಕೈ ಹಿಂದೆ ಕಟ್ಟಿಕೊಂಡ. ಇದನ್ನು ನೆನೆದರೆ ಅವನಿಗೆ ಇವತ್ತಿಗೂ ಸಂಕಟವಾಗುತ್ತದೆ. ಹೆದರಿ ಕಟ್ಟಿಕೊಂಡದ್ದಲ್ಲ. ತನ್ನ ಕಣ್ಣು ತನಗೇ ಸುಳ್ಳು ಹೇಳುತ್ತಿರಬಹುದು ಎಂಬ ಅನುಮಾನ ಒಮ್ಮೆ ಹೊಕ್ಕರೆ, ಮನುಷ್ಯ ಕಣ್ಣೆದುರಿನ ಅನ್ನವನ್ನೂ ಮುಟ್ಟಿ ನೋಡಲು ಅಂಜುತ್ತಾನೆ.

ಅಷ್ಟರಲ್ಲಿ ಉಂಡವರು ಎದ್ದು ಬಂದರು. ಗಲ್ಲಾದ ಮುಂದೆ ಒಬ್ಬ ನಿಂತ, ಇಬ್ಬರಾದರು, ಸಾಲಾಯಿತು. ಕೈ ಕಟ್ಟಿ ನಿಂತ ಚೆನ್ನಯನನ್ನು ನೋಡಿ ಒಬ್ಬ, "ಅರೆ ಭಾಯ್, ಪೈಸಾ ಲೋ ನಾ," ಎಂದ. ಚೆನ್ನಯ ಚಾವಣಿಯ ಫ್ಯಾನು ನೋಡಿದ. ಸಾಲಿನ ಬಾಲದಲ್ಲಿದ್ದ ಇಬ್ಬರು, ಕೇಳುವವರು ಯಾರೂ ಇಲ್ಲವೆಂದುಕೊಂಡು, ಮೆಲ್ಲಗೆ ಬಾಗಿಲ ಕಡೆ ಜರುಗಿದರು.

ಉಂಡವರು ದುಡ್ಡು ಕೊಡದೆ ಹೋಗುವುದನ್ನು ಗುರುಬಾಯಿಯ ಕಣ್ಣು ಹುಟ್ಟಿದಾಗಿನಿಂದ ಸಹಿಸಿದ್ದಲ್ಲ.

"ಏ! ಎಲ್ಲಿಗೆ? ಬಿಲ್ ಕೊಡು!" ಎಂದು ಗುಡುಗಿ, ಗಂಡನನ್ನು ಸರಿಸಿ, ಗಲ್ಲಾದ ಕುರ್ಚಿಯಲ್ಲಿ ಕೂತೇಬಿಟ್ಟಳು. ಹೊರಟಿದ್ದ ಇಬ್ಬರೂ ಶಾಲೆಯ ಮಕ್ಕಳಂತೆ ಸಾಲಿಗೆ ಮರಳಿದರು.

"ಏಳ ಏಳ, ಬೆರಳಿನ ಗುರುತ!" ಎಂದ ದಾನಪ್ಪ.

"ಬೀಳಲಿ. ನನ್ನ ಬೆರಳು ನಾ ಎಲ್ಲೂ ಮುಚ್ಚಿಟ್ಟಿಲ್ಲ."

ಅವಳ ಕೈ ಓಡತೊಡಗಿತು. ನೋಟು ಒಳಗೆ, ಚಿಲ್ಲರೆ ಹೊರಗೆ, ಮುಂದಿನವನು. ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದ ಒಬ್ಬ ಫೋನನ್ನು ಅವಳ ಮೂಗಿನ ಮುಂದೆ ಹಿಡಿದು, "ಪೇಮೆಂಟ್ ಹೋ ಗಯಾ ಆಂಟಿ," ಎಂದು ನಡೆದ.

"ನಿಂದ್ರು. ಡಬ್ಬಿ ಒದರಲಿಲ್ಲ."

ದುಡ್ಡು ಬಂದರೆ ಗಟ್ಟಿಯಾಗಿ ಕೂಗಿ ಹೇಳುವ ಡಬ್ಬಿ ಗಲ್ಲಾದ ಪಕ್ಕದಲ್ಲಿ ಸುಮ್ಮನೆ ಕೂತಿತ್ತು.

"ನೆಟ್‌ವರ್ಕ್ ಸ್ಲೋ ಹೈ. ಯೇ ದೇಖೋ, ಸ್ಕ್ರೀನ್ ಪೇ ಹೈ."

"ಯೇ ಕಲ್ ಕಾ ಫೋಟೋ ಹೈ ರೇ," ಎಂದಳು ಗುರುಬಾಯಿ ತನ್ನ ಹಿಂದಿಯಲ್ಲಿ. "ಮ್ಯಾಲ ತಾರೀಖು ನೋಡು. ಇಂಥಾ ಫೋಟೋ ನನಗ ದಿನಾ ನಾಕು ಮಂದಿ ತೋರಸ್ತಾರ. ಡಬ್ಬಿ ಒದರಬೇಕು, ಇಲ್ಲಾಂದ್ರ ನೀ ಇಲ್ಲೇ ಭಾಂಡೆ ತಿಕ್ಕಬೇಕು!"

ಇಡೀ ಹೋಟೆಲು ತಿರುಗಿ ನೋಡಿತು. ಅವನು ಕೆಂಪಾಗಿ ಮತ್ತೆ ಫೋನೊತ್ತಿದ. ಡಬ್ಬಿ ಒದರಿತು.

ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದ ರೋಶನ್ ಹೊರಗೆ ಬಂದ. ಗ್ಯಾಸಿನವನು ಎಲ್ಲೂ ಇರಲಿಲ್ಲ.

"ಅಕ್ಕ," ಎಂದ ಅವನು, "ಹಿಂದಿನ ಕ್ಯಾಷಿಯರ್ ಇದ್ದಾಗ ಇಂಥ ಫೋಟೋ ತೋರಿಸಿಯೇ ಎಷ್ಟೋ ಜನ ಊಟ ಮಾಡಿ ಹೋದ್ರು. ನನಗೆ ಗೊತ್ತಾಗುವಾಗ ಹೊತ್ತು ಮೀರಿತ್ತು. ನೀವು ನಾಳೆಯಿಂದ ಅಲ್ಲ, ಇವತ್ತಿನಿಂದಲೇ ಕೂತ್ಕೊಳ್ಳಿ. ಕೆಲಸ ನಿಮ್ಮದು."

ಗುರುಬಾಯಿ ಎದ್ದು ನಿಂತುಬಿಟ್ಟಳು. "ಅಯ್ಯ, ಬ್ಯಾಡ್ರಿ! ಈ ಕೆಲಸ ಇವರದು. ನಾ ಸುಮ್ನ ಮಂದಿ ಓಡಿ ಹೊಂಟ್ರಂತ ಕುಂತಿನಿ."

"ಚೆನ್ನಯಣ್ಣನ ಹೆಸರು ಒಳ್ಳೇದುಂಟು, ಅದಕ್ಕೇ ಕರೆದದ್ದು. ಆದ್ರೆ ನಾನು ಗಲ್ಲಾ ಬಿಟ್ಟುಹೋದಾಗ ಯಾರು ಕೂತದ್ದು, ಯಾರು ಫ್ಯಾನ್ ನೋಡಿದ್ದು? ನೀವೇ ಹೇಳಿ ಚೆನ್ನಯಣ್ಣ. ನನ್ನ ಜಾಗದಲ್ಲಿ ನೀವಿದ್ರೆ?"

ಅದೊಂದು ಪ್ರಶ್ನೆಗೆ ಉತ್ತರ ಹೇಳುವುದು ಚೆನ್ನಯನಿಗೆ ಆ ದಿನದ ಎಲ್ಲಕ್ಕಿಂತ ಕಷ್ಟವಾಯಿತು. ಮನೆಯ ಮಿಷನ್ನಿನ ಸದ್ದು ಕಿವಿಯಲ್ಲಿ ಬಂತು. ಆದರೆ ಸರಿಯಾದ ಲೆಕ್ಕವನ್ನು ತಪ್ಪೆಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ನಾನಾದ್ರೂ ಅವರನ್ನೇ ಇಟ್ಕೊಳ್ತಿದ್ದೆ," ಎಂದ. "ಕೂತ್ಕೊಳ್ಳಿ ಗುರುಬಾಯಕ್ಕ. ಗಲ್ಲಾದ ಎದುರು ಕೈ ಕಟ್ಟಿದವನಿಗೆ ಗಲ್ಲಾ ಇಲ್ಲ."

ಗುರುಬಾಯಿಗೆ ಅಳು ಬಂತು. "ನನ್ನ ಮಗಗ ಹೇಳಬೇಕ್ರಿ," ಎಂದಳು. "ನೌಕರಿ ಅಂತ ಕರೆದು ಖರೇನ ನೌಕರಿ ಕೊಡೂ ಮಂದಿನೂ ಅದಾರಂತ ಅವಗ ಹೇಳಬೇಕು."

ದಾನಪ್ಪ ಪಕ್ಕಕ್ಕಿಟ್ಟಿದ್ದ ಕಾಫಿ ಲೋಟವನ್ನು ಎತ್ತಿದ. ಅದು ಖಾಲಿಯಾಗಿತ್ತು.

"ಒಂದು ಕ್ರಮ ಉಂಟು ಅಕ್ಕ," ಎಂದ ರೋಶನ್. "ಮೊದಲು ನಿಮ್ಮ ಕೈಯಿಂದ ಹನ್ನೊಂದು ರೂಪಾಯಿ ಗಲ್ಲಾಕ್ಕೆ ಹಾಕಿ ಕೈಮುಗೀಬೇಕು."

"ರೊಕ್ಕ ಕೇಳಿದ!" ಎಂದು ದಾನಪ್ಪ ಹಾರಿದ. "ನಾ ಹೇಳಿದ್ನಿಲ್ಲೊ, ಕಡೀಕ ರೊಕ್ಕ ಕೇಳ…"

"ಸುಮ್ನಿರ್ರಿ!" ಎಂದಳು ಗುರುಬಾಯಿ. ಅವಳು ಸೊಂಟ ತಡವಿದಳು. ಪರ್ಸು ಸಯನ್ನಿನಲ್ಲಿತ್ತು. ಗಂಡನ ಕಡೆ ನೋಡಿದಳು. ಅವನು ಬೆಳಿಗ್ಗೆಯ ಹಾಗೆಯೇ ಎರಡೂ ಜೇಬನ್ನು ಹೊರಕ್ಕೆಳೆದು ತೋರಿಸಿದ, ಈ ಸಲ ಹೆಮ್ಮೆಯಿಲ್ಲದೆ.

ಗಿರಾಕಿಗಳ ದುಡ್ಡು ಆಗದು, ಹೋಟೆಲಿನದಂತೂ ಆಗಲೇ ಆಗದು, ಜೊತೆಗೆ ಬಂದವರು ಕೊಟ್ಟರೆ ನಡೆಯುತ್ತದೆ ಎಂದ ರೋಶನ್. ಚೆನ್ನಯ ಒಳಜೇಬಿಗೆ ಕೈ ಹಾಕಿದ. ಕುಂಕುಮದ ಪೊಟ್ಟಣವನ್ನು ಬಿಚ್ಚದೆ ಹಾಗೇ ಅವಳ ಕೈಯಲ್ಲಿಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಚೆನ್ನಯ ಕೇಳಿದ್ದ. ಆ ತುತ್ತನ್ನು ಇನ್ನೊಬ್ಬರ ಬಾಯಿಗೆ ತಾನೇ ಇಟ್ಟು ಬರುವುದು ಹೇಗಿರುತ್ತದೆಂದು ಅವತ್ತು ತಿಳಿಯಿತು.

ಗುರುಬಾಯಿ ಅಲ್ಲೇ ಉಳಿದಳು. ಗಂಡಸರಿಬ್ಬರೂ ಮರಳಿ ಗಾಡಿ ಹತ್ತಿದರು. ದಾದರಿನವರೆಗೆ ದಾನಪ್ಪ ಮಾತಾಡಲಿಲ್ಲ. ಸಯನ್ನಿನಲ್ಲಿ ಇಳಿಯುವ ಹೊತ್ತಿಗೆ ಕೊರಗಣ್ಣ ಫೋನ್ ಮಾಡಿದ. "ರೋಶನಣ್ಣ ಚಿನ್ನದಂಥ ಜನ ಮಾರಾಯ್ರೆ, ಕಣ್ಣು ಮುಚ್ಚಿ ಹೋಗಿ," ಎಂದ. ಚೆನ್ನಯ ಅವನಿಗೆ ಥ್ಯಾಂಕ್ಸ್ ಹೇಳಿದ.

ಬಾಗಿಲಲ್ಲೇ ಕಾಯುತ್ತಿದ್ದ ಶೀಲಾವತಿ ಗಂಡನ ಒಳಜೇಬಿಗೆ ಕೈ ಹಾಕಿ ನೋಡಿದಳು. ಪೊಟ್ಟಣವಿರಲಿಲ್ಲ. ಅವಳ ಮುಖ ಅರಳಿತು.

"ಹನ್ನೊಂದು ರೂಪಾಯಿ?"

"ಗಲ್ಲಾಕ್ಕೆ ಹೋಯ್ತು," ಎಂದ ಚೆನ್ನಯ. ಅದು ಸುಳ್ಳಾಗಿರಲಿಲ್ಲ.

ಅವಳು ದೇವರ ಮುಂದೆ ದೀಪ ಹಚ್ಚಲು ಓಡಿದಳು. ಅವಳ ಬೆನ್ನ ಹಿಂದೆ ನಿಂತು ಉಳಿದದ್ದನ್ನು ಹೇಗೆ ಹೇಳುವುದೆಂದು ಚೆನ್ನಯ ಶಬ್ದ ಹುಡುಕುತ್ತಿದ್ದ. ಆ ಕಷ್ಟ ಅವನಿಗೆ ಬೇಕಾಗಲಿಲ್ಲ. ಗೋಡೆಯಾಚೆ ಮಗನಿಗೆ ಎಲ್ಲವನ್ನೂ ವಿವರಿಸುತ್ತಿದ್ದ ದಾನಪ್ಪನಿಗೆ ಕೊನೆಗೂ ತನ್ನ ದನಿ ಮರಳಿ ಸಿಕ್ಕಿತ್ತು.

"ನಿಮ್ಮವ್ವಗ ನೌಕರಿ ಹೆಂಗ ಸಿಕ್ತು? ಕೈಯಾಗಿಂದ ಒಂದು ಪೈ ಸೈತ ಬಿಚ್ಚಲಿಲ್ಲ, ಸಿಕ್ತು! ಚೆನ್ನಯಣ್ಣ ಏನ್ ಮಾಡಿದ್ರು? ನಾ ಅಷ್ಟು ಬಡಕೊಂಡ್ರೂ ಕೇಳದ ಹನ್ನೊಂದು ರೂಪಾಯಿ ಕೊಟ್ಟು ಬಂದ್ರು. ಸಿಕ್ತೇನು ನೌಕರಿ? ಇಲ್ಲ! ಅದಕ್ಕ ಹೇಳೂದು ತಮ್ಮಾ, ಗೋಡಿ ಮ್ಯಾಲ ಬರೆದಿಟ್ಕೋ: ಕೆಲಸದ ಹೆಸರಿನಾಗ ರೊಕ್ಕ ಕೊಟ್ಟಾವಗ ಎಂದೂ ಕೆಲಸ ಸಿಗೂದಿಲ್ಲ!"